ಮುಷ್ಟಿ ಯಾವುದು, ಚಿಟಿಕೆ ಯಾವುದು

ಯಲಬುರ್ಗಾದ ಲೈಬ್ರರಿಗೆ ಹೊಳಿಯಮ್ಮ ಮೊದಲ ಸಲ ಹೋದದ್ದು ಓದುವುದಕ್ಕಲ್ಲ, ನೆರಳಿಗೆ. ನಾಲ್ಕನೆಯ ತರಗತಿಗೇ ಶಾಲೆ ಬಿಡಿಸಿ, ವರ್ಷ ತುಂಬದ ತಮ್ಮ ತಿರುಪತಿಯನ್ನು ಅವಳ ಬಗಲಿಗೆ ಹಾಕಿದ್ದರು. ಅಪ್ಪ ಮಾರೆಪ್ಪ ಕಾರಟಗಿ ಕಡೆ ಭತ್ತ ಕೊಯ್ಯಲು ಹೋಗಿದ್ದ. ಅವ್ವ ಹಂಪವ್ವ ರಸ್ತೆ ಕೆಲಸಕ್ಕೆ ಕಲ್ಲು ಹೊರುತ್ತಿದ್ದಳು. ಹನ್ನೊಂದು ವರ್ಷದ ಹುಡುಗಿ ಕೂಸು ಹೊತ್ತು ಆ ಬಿಸಿಲಲ್ಲಿ ಎಷ್ಟೆಂದು ತಿರುಗೀತು, ಪಾಪ!

ಒಳಗೆ ಪೇಪರು ಓದುತ್ತ ಕುಳಿತವರೊಬ್ಬರು ಹುಬ್ಬು ಗಂಟಿಕ್ಕಿದರು. "ಏ ಹುಡುಗಿ, ಕೂಸಿನ ಕಟ್ಟಿಗೊಂಡು ಲೈಬ್ರರಿಗೆ ಬರ್ತಾರೇನು? ನಡಿ ಹೊರಗ!"

ಗ್ರಂಥಪಾಲಕಿ ಶಹನಾಜಬೇಗಂ ತಲೆಯೆತ್ತಿದರು. "ಇರ್ಲಿ ಬಿಡ್ರಿ, ಆಕಿ ಕುಂತ್ರ ನಿಮ್ಮ ಪೇಪರೇನು ಹರಿಯಂಗಿಲ್ಲ. ಕುಂದ್ರವಾ. ಓದಾಕ ಬರ್ತೈತೇನು ನಿನಗ?"

ಬರುತ್ತಿತ್ತು. ಶಾಲೆಯ ಹಾಜರಿಯಿಂದ ಹೆಸರು ಹೊಡೆಸಿಕೊಂಡ ಹುಡುಗಿಗೆ ಇಲ್ಲಿ ಕೂರಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಪುಸ್ತಕ ಮನೆಗೊಯ್ಯಲು ಮಾತ್ರ ಮನೆಮಾರು ಇದ್ದವರು ಯಾರಾದರೂ ಜಾಮೀನು ಸಹಿ ಹಾಕಬೇಕು. ಕೂಲಿಯವರ ಮಗಳಿಗೆ ಯಾರು ಹಾಕಿಯಾರು? ಅದಕ್ಕೇ ಅಲ್ಲೇ ಕುಳಿತು ಓದಿದಳು. ಕೂಸುಗಳ ಚಿತ್ರವಿದ್ದ ತೆಳ್ಳನೆಯ ಆರೋಗ್ಯದ ಪುಸ್ತಕವೊಂದನ್ನು ತಿರುಪತಿಗೆ ತೋರಿಸುತ್ತ ಎರಡು ಸಲ ಮುಗಿಸಿದಳು.

ಬೇಸಿಗೆ ಏರಿತು. ಒಂದು ದಿನ ಬೆಳಿಗ್ಗೆ ತಿರುಪತಿಗೆ ವಾಂತಿಭೇದಿ ಹತ್ತಿತು. ಹಂಪವ್ವ ಕೆಲಸಕ್ಕೆ ಹೋಗದೆ ಮನೆಯಲ್ಲೇ ಉಳಿದಳು. ಮಧ್ಯಾಹ್ನದೊಳಗೆ ಕಣ್ಣು ಗುಳಿ ಬಿದ್ದವು. ಬಾಯಿ ತೆರೆದು ಅಳುತ್ತಿತ್ತು ಕೂಸು, ಕಣ್ಣಲ್ಲಿ ಹನಿಯಿಲ್ಲ. ಅಜ್ಜಿ ಮುದುಕಮ್ಮ ನೀರಿನ ಕೊಡದ ಮುಂದೆ ಕಾವಲು ಕುಳಿತುಬಿಟ್ಟಳು. ಭೇದಿ ಹತ್ತಿದ ಕೂಸಿಗೆ ನೀರೂ ಬಂದ್, ಮೊಲೆಯೂ ಬಂದ್. ಓಣಿಗೆಲ್ಲ ಅದೇ ಕಟ್ಟಳೆ. ಹೋದ ಬೇಸಿಗೆಯಲ್ಲಿ ತಂಗಿ ಯಮನೂರಮ್ಮ "ನೀರು, ನೀರು" ಎನ್ನುತ್ತಲೇ ಕಣ್ಣು ಮುಚ್ಚಿದ್ದನ್ನು ಹೊಳಿಯಮ್ಮ ಕಂಡಿದ್ದಳು. ಹಣೆಬರಹ ಎಂದರು ಹಿರಿಯರು. ಎಂಥ ಹಣೆಬರಹ! ಕೊಡ ತುಂಬ ನೀರಿದ್ದ ಮನೆಯಲ್ಲಿ ಮಗು ನೀರಡಿಸಿ ಸತ್ತಿತ್ತು.

"ಆಯೀ," ಎಂದಳು ಹೊಳಿಯಮ್ಮ ಅಜ್ಜಿಗೆ, "ನೀರು ಕುಡಸಬೇಕಂತ. ಬುಕ್ಕಿನಾಗ ಬರದಾರ."

"ಸೋರೋ ಕೊಡಕ್ಕ ನೀರು ಸುರದ್ರ ನಿಲ್ತೈತೇನ? ಹೊಟ್ಟಿ ಒಣಗಿದ್ರ ತಾನೇ ನಿಲ್ತೈತಿ."

"ಸೋರಿದಷ್ಟು ತುಂಬದಿದ್ರ ಕೊಡಾ ಬರಿದಾಕ್ಕೈತಲ್ಲ! ಉಪ್ಪು, ಬೆಲ್ಲ ಹಾಕಿ ಕುಡಸ್ರಿ ಅಂತ ಐತಿ."

"ಎಷ್ಟೆಷ್ಟು ಹಾಕಬೇಕು? ಹೇಳು ನೋಡೂಣು, ಡಾಕ್ಟರಮ್ಮಾ!"

ಹೊಳಿಯಮ್ಮನಿಗೆ ಒಂದು ಮುಷ್ಟಿ, ಒಂದು ಚಿಟಿಕೆ, ಇಷ್ಟು ನೆನಪಿತ್ತು. ಆದರೆ ಮುಷ್ಟಿ ಯಾವುದು, ಚಿಟಿಕೆ ಯಾವುದು? ನೀರೆಷ್ಟು? ಹೆದರಿಕೆಯಲ್ಲಿ ಎಲ್ಲವೂ ಕಲಸಿಹೋಯಿತು. ತಪ್ಪಿದರೆ ತಮ್ಮನ ಜೀವಕ್ಕೇ ಬರುತ್ತಿತ್ತು.

"ನೋಡಿದ್ಯಾ ಹಂಪವ್ವ, ನಿನ್ನ ಮಗಳ ಓದು!" ಎಂದು ಮುದುಕಿ ಸೊಸೆಯತ್ತ ತಿರುಗುವಷ್ಟರಲ್ಲಿ ಹುಡುಗಿ ಬರಿಗಾಲಲ್ಲಿ ಲೈಬ್ರರಿಗೆ ಓಡಿಯಾಗಿತ್ತು.

"ಅಕ್ಕಾರ, ಆ ಕೂಸಿನ ಬುಕ್ಕು ಕೊಡ್ರಿ! ತಮ್ಮ ಸಾಯಾಕ ಹತ್ಯಾನ್ರಿ!"

ಶಹನಾಜಬೇಗಂ ಪುಸ್ತಕ ತೆಗೆದು ಚೀಟಿಯಲ್ಲಿ ತಮ್ಮದೇ ಹೆಸರು ಬರೆದರು. "ಜಾಮೀನು ನಾ ಅದೀನಿ. ನೀರು ಕುಡಸಕೋಂತನೇ ಕೂಸಿನ ದವಾಖಾನಿಗೆ ತರ್ರಿ, ನಾನೂ ಅಲ್ಲಿಗೇ ಬರ್ತೀನಿ. ಓಡವಾ!"

ಹೊಳಿಯಮ್ಮ ಮನೆಯ ಹೊಸ್ತಿಲಲ್ಲೇ ನಿಂತು ಏದುಸಿರಿನಲ್ಲಿ ಓದಿದಳು: "ಕಾಯಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ದೊಡ್ಡವರ ಒಂದು ಮುಷ್ಟಿ ಬೆಲ್ಲ, ಮೂರು ಬೆರಳ ಚಿಟಿಕೆ ಉಪ್ಪು. ರುಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ, ಬೇರೆ ಮಾಡಿ."

ಮುದುಕಮ್ಮ ಕದಲಲಿಲ್ಲ. "ಬುಕ್ಕು ಬರದಾವ ನಮ್ಮ ಕೂಸಿನ ಕಂಡಾನೇನು? ಹಿರೇರು ಮಾಡಿಕೋಂತ ಬಂದಿದ್ದು ಸುಳ್ಳೇನು?"

ಮದುವೆಯಾಗಿ ಹದಿಮೂರು ವರ್ಷ, ಹಂಪವ್ವ ಅತ್ತೆಯ ಮಾತಿಗೆ ಎದುರಾಡಿದವಳಲ್ಲ. ಅಂದು ಎದ್ದು ನಿಂತಳು. "ಏಳ್ರಿ ಅತ್ತೀ. ನಿಮ್ಮ ಮಾತು ಕೇಳಿ ಒಂದನ್ನ ಮಣ್ಣಾಗ ಇಟ್ಟು ಬಂದೀನಿ. ಇದನ್ನ ಕೊಡಂಗಿಲ್ಲ. ಏಳ್ರಿ ಅಂದ್ರ ಏಳ್ರಿ!"

ಮುದುಕಿ ಬೆಪ್ಪಾಗಿ ಎದ್ದಳು. ಮಗಳು ಒಂದೊಂದೇ ಮಾತು ಓದಿದಂತೆ ತಾಯಿ ಒಲೆ ಹೊತ್ತಿಸಿ ನೀರು ಕಾಯಿಸಿದಳು, ಅಳೆದು ಹಾಕಿದಳು, ಬೆರಳದ್ದಿ ರುಚಿ ನೋಡಿದಳು. ಕಣ್ಣೀರಿನ ರುಚಿಯನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಚಮಚೆ ಚಮಚೆಯಾಗಿ ಕುಡಿಸಿದಳು. ಕಕ್ಕಿದರೆ ತುಸು ತಡೆದು ಮತ್ತೆ ಕುಡಿಸಿದಳು. ಹಾಗೆ ಕುಡಿಸುತ್ತಲೇ ದವಾಖಾನೆ ಸೇರಿದರು.

"ಇನ್ನೊಂದು ತಾಸು ಒಣಗಿಸಿದ್ರ ಕೂಸು ಉಳೀತಿರಲಿಲ್ಲ," ಎಂದರು ಡಾಕ್ಟರು.

ಮೂರನೆಯ ದಿನ ಚೇತರಿಸಿಕೊಂಡು ಮನೆಗೆ ಬಂದ ತಿರುಪತಿ ಓಣಿಗೆಲ್ಲ ಕೇಳುವಂತೆ ಅತ್ತ. ಮುದುಕಮ್ಮ ಮೊಮ್ಮಗಳನ್ನು ಹತ್ತಿರ ಕರೆದಳು.

"ಭೇದಿ ಹತ್ತಿದ ಕೂಸು ಯಾಕ ಸಾಯ್ತಾವಂತವಾ, ಆ ಬುಕ್ಕಿನಾಗ?"

"ಮೈಯಾಗಿನ ನೀರು ಆರಿ ಸಾಯ್ತಾವಂತ ಆಯೀ."

ಮುದುಕಿ ಗೋಡೆಗೆ ಮುಖ ಮಾಡಿ ಕುಳಿತಳು. ಅಂದು ಉಣ್ಣಲೂ ಏಳಲಿಲ್ಲ.

ವಾರ ಕಳೆಯುವುದರೊಳಗೆ ನೆರೆಮನೆಯ ಮಾಳವ್ವನ ಕೂಸಿಗೂ ಭೇದಿ ಹತ್ತಿತು. ಹೆಂಗಸರು ಸುತ್ತ ಕುಳಿತು, ನೀರು ಮುಟ್ಟಿಸಬೇಡ ಎಂದು ಬುದ್ಧಿ ಹೇಳುತ್ತಿದ್ದರು. ಬಗಲಲ್ಲಿ ಪುಸ್ತಕವಿದ್ದ ಹೊಳಿಯಮ್ಮನ ಕೈ ಹಿಡಿದುಕೊಂಡು ಮುದುಕಮ್ಮ ಒಳಗೆ ಬಂದಳು.

"ಸರೀರಿ ಅತ್ತಾಗ. ಮಾಳವ್ವಾ, ಈಕಿ ಓದತಾಳ, ಹಂಗೇ ಮಾಡು. ಕೂಸಿಗೆ ನೀರು ಕುಡಸು."

"ಅಯ್ಯ ಯಮ್ಮಾ! ಕುಡಸಬ್ಯಾಡ ಅಂತ ಓಣಿಗೆಲ್ಲ ಹೇಳಿದಾಕಿ ನೀನೇ ಅಲ್ಲೇನು?" ಎಂದಳು ಮಾಳವ್ವ.

"ಹೌದವಾ, ನಾನೇ." ಮುದುಕಿ ಕೂಸಿನ ಪಕ್ಕ ಕುಳಿತಳು. "ಪ್ರಾಯದಾಗ ನನ್ನವು ಮೂರು ಕೂಸು ನೀರು ನೀರು ಅಂತ ನನ್ನ ಸೆರಗು ಜಗ್ಗಿದ್ವು. ಕೊಡಲಿಲ್ಲ. ಜಡ್ಡು ಕೊಂತು ಅಂತ ಇಷ್ಟು ವರ್ಷ ತಿಳಕೊಂಡಿದ್ದೆ. ಜಡ್ಡಲ್ಲ, ಕೊಂದಾಕಿ ನಾನು. ನೀ ಕುಡಸವಾ."