ಗೀರಿಲ್ಲದ ಅಚ್ಚು

“ಕಾಲಿನ ಕಡೆ ಸ್ವಲ್ಪ ಎತ್ತಿ. ಅಚ್ಚಿಗೆ ತಾಗೀತು, ಹುಷಾರು.”

ಹೇಳಿದವನು ಕಾರಿನ ಬಿಡಿಭಾಗಗಳ ಅಂಗಡಿಯ ಮಾಲೀಕ. ಹೆಣ ಹೊತ್ತ ನಾಲ್ವರು ಒಳಕೋಣೆಯಿಂದ ನಡುಮನೆಗೆ ಬಂದು ಸಿಕ್ಕಿಕೊಂಡಿದ್ದರು. ನಡುಮನೆಯ ತುಂಬ ಕಿಟಕಿಯವರೆಗೂ ಕಾರಿನ ಬಾನೆಟ್ಟಿನದೊಂದು ಅಚ್ಚು, ಕಾಲುಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದದ್ದು. ಸತ್ತವನು ತಾನೇ ಮಾಡಿದ ಆ ಅಚ್ಚಿನ ಸುತ್ತ ಹದಿನಾಲ್ಕು ವರ್ಷ ಅಡ್ಡಡ್ಡ ನಡೆದೇ ಬದುಕಿದ್ದ. ಇವತ್ತೂ ಅಡ್ಡಡ್ಡವಾಗಿಯೇ ಹೊರಟಿದ್ದ.

ದಾರಿ ಸಾಲದೆ ಹೆಣವನ್ನು ಗೋಡೆ ಬದಿಯ ಬೆಂಚಿನ ಮೇಲಿಳಿಸಿದರು. ಸತ್ತವನ ಹೆಂಡತಿಯ ತಮ್ಮ ಬೆವರೊರೆಸಿಕೊಂಡು ಕಿಟಕಿ ತೆರೆಯಲು ಹೋದ. ಅಲುಗಲಿಲ್ಲ.

“ಅದು ಬರಲ್ಲ ಕಣೋ,” ಎಂದಳು ಅಕ್ಕ. “ನಿಮ್ಮ ಭಾವನೇ ಮುಚ್ಚಿದ್ದು.”

ಪಕ್ಕದ ಮನೆಯ ದರ್ಜಿ ರಾಳದ ಘಾಟಿಗೆ ಮೂಗಿಗೊತ್ತಿದ ಕರ್ಚೀಫು ತೆಗೆಯದೆಯೇ ಗೊಣಗಿದ: “ಈ ಮನೆಗೆ ಸೊಳ್ಳೇನೂ ಬರ್ತಿರಲಿಲ್ಲ. ಅವಕ್ಕಾದ್ರೂ ಬುದ್ಧಿ ಇತ್ತು.”

*

ಮೊದಲು ದಿನಕ್ಕೊಂದೇ ಬಾನೆಟ್ಟು. ಅಚ್ಚಿನೊಳಗೆ ಗಾಜಿನ ನಾರಿನ ಹಾಸು ಹರಡಿ, ರಾಳ ಸವರಿ, ಗಟ್ಟಿಯಾಗುವವರೆಗೆ ಕಾಯಬೇಕು. ಬೀದಿಯ ಧೂಳು ಬಿದ್ದರೆ ಮಾಲು ವಾಪಸ್ಸು. ಒಂದು ದಿನ ಅವನಿಗೆ ಹೊಳೆಯಿತು: ಕಿಟಕಿ ಮುಚ್ಚಿ ಮೇಲೆ ಆರು ದೊಡ್ಡ ಬಲ್ಬು ಇಳಿಬಿಟ್ಟರೆ ಧೂಳಿಲ್ಲ, ಶಾಖ ಹೋಗಲ್ಲ, ರಾಳ ಬೇಗ ಗಟ್ಟಿ, ದಿನಕ್ಕೆ ಮೂರು. ಕಿಟಕಿಯ ಸಂದುಗಳಿಗೂ ಅದೇ ನಾರು, ಅದೇ ರಾಳ ಮೆತ್ತಿದ. ಅವನು ಮೆತ್ತಿದ್ದು ಎಂದೂ ಬಿಟ್ಟುಕೊಂಡದ್ದಿಲ್ಲ.

ಮಾಲೀಕ ಬಂದು ನೋಡಿ ಬೆನ್ನು ತಟ್ಟಿದ, ನೀನು ಇಂಜಿನಿಯರ್ ಆಗಬೇಕಿದ್ದವನು ಅಂದ. ಮುಂದಿನ ವಾರ ಒಂದೊಂದರ ಕೂಲಿಯನ್ನು ಮೂರರಲ್ಲೊಂದು ಪಾಲಿಗೆ ಇಳಿಸಿದ. ಬೇಗ ಮುಗಿಯುವ ಕೆಲಸಕ್ಕೆ ಅಷ್ಟೇಕೆ ಎಂದು ಅವನನ್ನೇ ಕೇಳಿದ. ಆಮೇಲೆ ಕಿಟಕಿ ತೆರೆಯುವ ಮಾತೇ ಬರಲಿಲ್ಲ. ಎದೆ ಗೊರಗೊರ ಅನ್ನತೊಡಗಿದಾಗ ಹೆಂಡತಿ ಜಗಳ ತೆಗೆದಳು. ಅವನು ಮೇಣದ ಬಟ್ಟೆಯಿಂದ ಅಚ್ಚನ್ನು ಸುತ್ತಿ ಸುತ್ತಿ ತಿಕ್ಕುತ್ತಲೇ ಇದ್ದ.

“ನಂಗೇನಾದ್ರೂ ಆಗ್ಲಿ, ಇದಕ್ಕೆ ಗೀರು ಬೀಳಬಾರದು ನೋಡು. ಇಲ್ಲೊಂದು ಗೀರು ಬಿದ್ರೆ, ಇದ್ರಲ್ಲಿ ಹುಟ್ಟೋ ಎಲ್ಲದಕ್ಕೂ ಗೀರು.”

*

ಮಾಲೀಕ ಅಚ್ಚಿನ ಮೇಲೆ ಬಾಗಿ ನುಣುಪು ನೋಡಿದ. ಅದರಲ್ಲಿ ಅವನ ಮುಖ ಕನ್ನಡಿಯಲ್ಲಿ ಮೂಡಿದಂತೆ ಮೂಡಿತು. ಆಮೇಲೆ ಸತ್ತವನ ಹೆಂಡತಿಯ ಹತ್ತಿರ ಬಂದು ದನಿ ತಗ್ಗಿಸಿದ. ಇಂಥ ಕೆಲಸಗಾರ ಇನ್ನು ಸಿಗುವುದಿಲ್ಲವಂತೆ. ಸೋಮವಾರದೊಳಗೆ ಒಂಬತ್ತು ಬಾನೆಟ್ಟು ಬೇಕಂತೆ.

“ಮಗಳಿಗೂ ಕೈ ಕೂತಿದೆ ಅಂತಿದ್ದ. ಮನೇಲೇ ಇದ್ಕೊಂಡು ಮಾಡೋ ಕೆಲಸ ತಾಯಿ. ಹೆಣ್ಣುಮಗು, ಹೊರಗೆ ಹೋಗೋ ತಾಪತ್ರಯ ಇಲ್ಲ.”

ಮೂಲೆಯಲ್ಲಿದ್ದ ಮಗಳು ಬಾಯಿಗೆ ದುಪಟ್ಟಾ ಒತ್ತಿ ಕೆಮ್ಮಿದಳು. ಅಪ್ಪನದೇ ಕೆಮ್ಮು. ಮೊದಮೊದಲು ಅವನೂ ಹೀಗೆ ಸಣ್ಣಗೇ ಕೆಮ್ಮುತ್ತಿದ್ದ.

ತಾಯಿ ಎದ್ದಳು. ಗಟ್ಟಿಯಾದ ಬಾನೆಟ್ಟನ್ನು ತಟ್ಟಿ ಬಿಡಿಸುವ ಮರದ ಕೊಡತಿ ಗೋಡೆಗೆ ಒರಗಿತ್ತು. ಅದನ್ನೆತ್ತಿ ಕಿಟಕಿಗೆ ಬೀಸಿದಳು. ಗಾಜು ಸುರಿದು ಅಚ್ಚಿನ ತುಂಬ ಚೆಲ್ಲಿತು. ಬೀದಿಯ ಗಾಳಿ ಒಳಗೆ ಬಂತು, ಧೂಳೂ ಬಂತು.

“ಒರೆಸ್ಬೇಡಿ,” ಎಂದ ಮಾಲೀಕ. “ಕೈ ಮುಗೀತೀನಿ, ಒಂದೊಂದೇ ಚೂರು ಎತ್ತೋಣ.”

ಅವಳು ಗೋಡೆಯ ಮೊಳೆಯಿಂದ ಮೇಣದ ಬಟ್ಟೆ ತೆಗೆದು ಚೂರುಗಳ ಮೇಲಿಟ್ಟಳು. ಅಂಗೈ ಊರಿ, ಗಂಡ ತಿಕ್ಕುತ್ತಿದ್ದ ಹಾಗೆಯೇ ಸುತ್ತಿ ಸುತ್ತಿ ತಿಕ್ಕತೊಡಗಿದಳು. ಅಚ್ಚು ಕರಕರ ಅಂದಿತು.

“ಅಕ್ಕಾ, ಕೈ,” ಎಂದ ತಮ್ಮ.

ಹೊಳಪು ಬಿಳಿಚುತ್ತ ಹೋಯಿತು. ಬಾಗಿ ನಿಂತ ಮಾಲೀಕನ ಮುಖ ಅದರಲ್ಲಿ ಈಗ ಕಾಣಲಿಲ್ಲ. ಬಟ್ಟೆ ಕೆಂಪಾಗುತ್ತ, ಇನ್ನೊಂದು ಸುತ್ತು ತಿರುಗಿತು.