ಸಾಕು ರೇಶಿಯೋ

“ಈ ‘ಸಾಕು’ ಅಂದರೆ ಯಾರು?”

ಪ್ರಯೋಗ ಬರೆದ ಹನ್ನೊಂದನೆಯ ಜರ್ನಲ್ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟು ಲೋಕನಾಥ ಅವರು ಇಂಗ್ಲಿಷಿನಲ್ಲಿ ಕೇಳಿದಾಗ, ಕಾಂಕ್ರೀಟ್ ಲ್ಯಾಬಿನಲ್ಲಿ ಸಾಲಾಗಿ ನಿಂತಿದ್ದ ವಿದ್ಯಾರ್ಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಮಂಜರಿ ಧೈರ್ಯ ಮಾಡಿದಳು. ಓದುವುದರಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿ.

“ವಿಜ್ಞಾನಿ, ಸರ್. ಜಪಾನಿನವರು.”

ವಿಭಾಗದ ಮುಖ್ಯಸ್ಥ ಪಂಢರಿನಾಥ ದೇಸಾಯಿ ಕಣ್ಣು ಮುಚ್ಚಿಕೊಂಡರು. ಹಡಪಸರ ದಾಟಿ ಸೋಲಾಪುರ ರಸ್ತೆಯಲ್ಲಿದ್ದ ಆ ಇಂಜಿನಿಯರಿಂಗ್ ಕಾಲೇಜಿಗೆ ಮಾನ್ಯತಾ ಸಮಿತಿ ಬಂದು ಅಂದಿಗೆ ಎರಡನೆಯ ದಿನ. ಮೂರು ವಾರಗಳಿಂದ ಅವರು ಫೈಲು ಜೋಡಿಸಿದ್ದರು, ಗೋಡೆಗೆ ಬಣ್ಣ ಹೊಡೆಸಿದ್ದರು, ಕೆಟ್ಟು ಕೂತ ಯಂತ್ರಗಳಿಗೆ ಚೆಂದದ ಬಟ್ಟೆ ಹೊದಿಸಿದ್ದರು. ಜರ್ನಲ್‌ಗಳನ್ನು ಓದಬೇಕೆಂದು ಮಾತ್ರ ಹೊಳೆದಿರಲಿಲ್ಲ. ಹದಿನಾಲ್ಕು ವರ್ಷ ಹೊಳೆಯದ್ದು ಮೂರು ವಾರದಲ್ಲಿ ಹೊಳೆಯಲು ಕಾರಣವೂ ಇರಲಿಲ್ಲ.

ಮಾನ್ಯತೆ ಸಿಗದಿದ್ದರೆ ಸಿವಿಲ್ ವಿಭಾಗವನ್ನು ಮುಚ್ಚುತ್ತೇವೆ ಎಂದು ಆಡಳಿತ ಮಂಡಳಿ ಬಾಯಿಬಿಟ್ಟೇ ಹೇಳಿತ್ತು. ಅದು ೨೦೦೩ನೆಯ ಇಸವಿ. ಎಲ್ಲರಿಗೂ ಕಂಪ್ಯೂಟರ್ ಬೇಕಾಗಿತ್ತು; ಸಿವಿಲ್‌ನ ಅರವತ್ತು ಸೀಟಿಗೆ ಹತ್ತೊಂಬತ್ತು ಜನ ಸೇರಿದ್ದರು. ದೇಸಾಯಿಯವರ ನಿವೃತ್ತಿಗೆ ಎಂಟು ತಿಂಗಳು ಬಾಕಿ. ಕೈಕೆಳಗೆ ನಾಲ್ವರು ಎಳೆಯ ಲೆಕ್ಚರರ್‌ಗಳಿದ್ದರು.

ಲೋಕನಾಥ ಅವರು ಸಮಿತಿಯ ಅಧ್ಯಕ್ಷರು. ದೇಸಾಯಿಯವರನ್ನು ಕಿಟಕಿಯ ಬಳಿಗೆ ಕರೆದು ಮೆಲ್ಲಗೆ ಕನ್ನಡಕ್ಕೆ ಇಳಿದರು.

“ನಾನು ದಾವಣಗೆರೆಯವನು, ದೇಸಾಯಿಯವರೇ. ಇದು ನಮ್ಮ ಸಾಕು ತಾನೇ?”

“ಹೌದ್ರಿ ಸರ.” ಎಂದರು ದೇಸಾಯಿ. “ಗುರಣ್ಣ ಅಂತ ನಮ್ಮ ಲ್ಯಾಬಿನ ಅಟೆಂಡರ್ ಅದಾನ. ಹುಡುಗ್ರು ಕಾಂಕ್ರೀಟಿಗೆ ನೀರು ಹಾಕೋ ಮುಂದ ಬಾಗಲದಾಗ ನಿಂತ ನೋಡ್ತಿರ್ತಾನ. ಹದಾ ಬಂದ ಕೂಡ್ಲೇ ಸಾಕು ಅಂತಾನ.”

ನಡೆದದ್ದು ಇಷ್ಟೇ. ಮೊದಲ ಬ್ಯಾಚಿನ ಯಾರೋ ಸೋಮಾರಿ ‘ಗುರಣ್ಣ ಸಾಕು ಎನ್ನುವವರೆಗೆ ನೀರು ಹಾಕಿ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದ. ಅದನ್ನು ನಕಲು ಮಾಡಿದ ಮುಂದಿನವರು ಗುರಣ್ಣನನ್ನು ಬಿಟ್ಟರು. ಆಮೇಲಿನವರ ಕೈಯಲ್ಲಿ ಅದು ‘ಸಾಕು ನೀರು’ ಆಯಿತು. ಮುದ್ದಾದ ಅಕ್ಷರದ ಒಬ್ಬಳು ಅದಕ್ಕೆ ಹೆಸರಿಗೆ ಹಾಕುವಂತೆ ದೊಡ್ಡ ‘ಎಸ್’ ಹಾಕಿದಳು, ಮರುವರ್ಷ ಅದು ‘ಸಾಕು ರೇಶಿಯೋ’ ಆಗಿ ವಿಜ್ಞಾನಿ ಹುಟ್ಟಿಕೊಂಡ. ಲ್ಯಾಬಿನಲ್ಲಿ ದಿನವೂ ಕಿವಿಗೆ ಬೀಳುವ ಸಾಕು ಮತ್ತು ಜರ್ನಲ್ಲಿನ ಸಾಕು ಎರಡೂ ಒಂದೇ ಎಂದು ಪುಣೆಯ ಮರಾಠಿ ಮಕ್ಕಳಿಗೆ ತಿಳಿಯಲು ದಾರಿಯೇ ಇರಲಿಲ್ಲ. ತಿಳಿಯಬೇಕಾಗಿದ್ದವರು ಓದಿರಲಿಲ್ಲ.

“ಪ್ರತಿಯೊಂದರ ಕೆಳಗೂ ‘ಪರಿಶೀಲಿಸಿದೆ’ ಅಂತ ಕೆಂಪು ಶಾಯಿಯಲ್ಲಿ ಸಹಿ ಇದೆ. ನಿಮ್ಮದೇನಾ?”

“ನಂದರಿ.”

ಲೋಕನಾಥ ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಅವರೂ ದಣಿದಂತಿದ್ದರು, ಆ ತಿಂಗಳಲ್ಲಿ ಇದು ಅವರ ಐದನೆಯ ಕಾಲೇಜು. “ನಾಳೆ ಬೆಳಿಗ್ಗೆ ವಿದ್ಯಾರ್ಥಿಗಳು ನಮ್ಮೆದುರಿಗೇ ಕಾಂಕ್ರೀಟ್ ಕಲಸಿ ತೋರಿಸಲಿ. ಅಳತೆ ಪ್ರಕಾರ” ಎಂದು ಹೇಳಿ ಹೋದರು.

ಸಂಜೆ ಪ್ರಿನ್ಸಿಪಾಲರು ದೇಸಾಯಿಯವರನ್ನು ಕರೆಸಿಕೊಂಡು ಮರಾಠಿಯಲ್ಲಿ ಸಮಾಧಾನ ಹೇಳಿದರು. ಸಮಿತಿಯವರು ತಪ್ಪು ಹುಡುಕುವುದು ಸಹಜ, ತಪ್ಪಿಗೆ ನಾವು ಏನು ಮಾಡಿದೆವು ಎಂದು ತೋರಿಸಿದರೆ ಆಯಿತು. ಪತ್ರ ಆಗಲೇ ಟೈಪಾಗಿತ್ತು. ಅರ್ಹತೆಯಿಲ್ಲದ ಅಟೆಂಡರ್ ಗುರಣ್ಣ ಎಂಬಾತ ವಿದ್ಯಾರ್ಥಿಗಳಿಗೆ ತಪ್ಪು ವಿಧಾನ ಕಲಿಸಿದ್ದು ಕಂಡುಬಂದಿದೆ. ಇಂದಿನಿಂದ ಅವನನ್ನು ಕೆಲಸದಿಂದ ತೆಗೆಯಲಾಗಿದೆ. ಕೆಳಗೆ ದೇಸಾಯಿಯವರ ಹೆಸರು.

ದೇಸಾಯಿಯವರು ಪತ್ರವನ್ನು ಎರಡು ಸಲ ಓದಿದರು. ನಾಲ್ವರು ಲೆಕ್ಚರರ್‌ಗಳನ್ನು ನೆನೆದರು, ಎಂಟು ತಿಂಗಳನ್ನು ನೆನೆದರು. ತಾನು ಕೆಟ್ಟ ಮನುಷ್ಯನಲ್ಲ ಎಂಬ ನಂಬಿಕೆ ಅವರಿಗೆ ಬಹಳ ವರ್ಷಗಳಿಂದ ಇತ್ತು; ಅದು ಆ ಸಂಜೆ ಯಾವ ಅಡ್ಡಿಯನ್ನೂ ಮಾಡಲಿಲ್ಲ. ದಣಿದ ಕೈಗೆ ಸಹಿಯಷ್ಟು ಹಗುರವಾದ ಕೆಲಸ ಇನ್ನೊಂದಿಲ್ಲ. ಹಾಕಿದರು.

ಲ್ಯಾಬಿಗೆ ಬಂದಾಗ ಗುರಣ್ಣ ಕಾಂಕ್ರೀಟ್ ಅಚ್ಚುಗಳಿಗೆ ಎಣ್ಣೆ ಸವರುತ್ತ ಕೂತಿದ್ದ. ಸುರಪುರ ಕಡೆಯವನು. ಇದೇ ಕಾಲೇಜಿನ ಕಟ್ಟಡಕ್ಕೆ ಕಾಂಕ್ರೀಟ್ ಬುಟ್ಟಿ ಹೊರಲು ಬಂದವನು. ಕಟ್ಟಡ ಮುಗಿದ ಮೇಲೆ ಅವನ ಊರಿನವರೆಲ್ಲ ಕುರಕುಂಭದ ಫ್ಯಾಕ್ಟರಿಗಳ ಕಡೆಗೆ ಹೋದರು, ಇವನು ಉಳಿದ. ಹದಿನಾಲ್ಕು ವರ್ಷ ಹಂಗಾಮಿ. ಮಾನ್ಯತೆ ಬಂದ ಕೂಡಲೇ ಕಾಯಂ ಮಾಡಿಸುತ್ತೇನೆಂದು ಮಾತು ಕೊಟ್ಟಿದ್ದವರು ದೇಸಾಯಿಯವರೇ.

“ಗುರಣ್ಣ, ನಾಳಿ ಒಂದಿನಾ ನೀ ಲ್ಯಾಬಿನಾಗ ಬರಬ್ಯಾಡ.”

“ಯಾಕ್ರಿ ಸಾಹೇಬ್ರ? ನಾಳಿಗಂತ ನನ್ನ ಹೆಂಡ್ತಿ ಅಂಬಾಬಾಯಿ ಅಂಗಿ ಇಸ್ತ್ರಿ ಮಾಡಿಸ್ಯಾಳ್ರಿ.”

“ಸಮಿತಿಯವ್ರು ಬರೇ ಹುಡುಗ್ರನ್ನ ನೋಡ್ತಾರಂತ. ಒಂದs ದಿನಾ.”

“ಆಗಲಿ ತಗೋರಿ.” ಗುರಣ್ಣ ಎಣ್ಣೆಯ ಕೈಯನ್ನು ಚಿಂದಿಗೆ ಒರೆಸಿಕೊಂಡ. “ಹೊರಗಿನ ಉಸುಕು ಒಳಗ ತಂದು ಹಾಕ್ಲೇನ್ರಿ? ಮಳಿ ಬರಂಗ ಅದ.”

ಅವನು ಬೇಗ ಕಣ್ಣಿನಿಂದ ಮರೆಯಾದರೆ ದೇಸಾಯಿಯವರಿಗೆ ಸಾಕಾಗಿತ್ತು. “ಬ್ಯಾಡ ಬಿಡು. ಮನಿಗೆ ಹೋಗು” ಎಂದರು.

ಮಳೆ ಬೆಳಗಿನ ತನಕ ಹಿಡಿದು ಹೊಯ್ಯಿತು.

ಮೂರನೆಯ ದಿನ ಹತ್ತು ಗಂಟೆಗೆ ಸಮಿತಿ ಲ್ಯಾಬಿನಲ್ಲಿ ಸೇರಿತು. ಪತ್ರ ಲೋಕನಾಥ ಅವರ ಫೈಲಿನಲ್ಲಿ ಎಲ್ಲಕ್ಕಿಂತ ಮೇಲಿತ್ತು. ಪ್ರಿನ್ಸಿಪಾಲರು ನಗುಮುಖದಿಂದ ಓಡಾಡುತ್ತಿದ್ದರು. ಮಂಜರಿಯ ಗುಂಪು ಸಿಮೆಂಟು, ಉಸುಕು, ಖಡಿಕಲ್ಲು ತೂಗಿ ಹಾಕಿತು. ಪುಸ್ತಕ ಹೇಳಿದಷ್ಟು ನೀರನ್ನು ಗಾಜಿನ ಜಾಡಿಯಲ್ಲಿ ಅಳೆದು ಸುರಿಯಿತು. ಕಲಸಿದ್ದನ್ನು ತಳವಿಲ್ಲದ ತಗಡಿನ ಶಂಕುವಿಗೆ ತುಂಬಿ, ಶಂಕುವನ್ನು ಮೇಲೆತ್ತಿದರು. ಹದವಾಗಿದ್ದರೆ ಕಾಂಕ್ರೀಟು ನಾಲ್ಕು ಬೆರಳು ಕುಸಿದು ನಿಲ್ಲಬೇಕು. ಅದು ನಿಲ್ಲಲೇ ಇಲ್ಲ, ಗಂಜಿಯಂತೆ ಹರಿದು ತಟ್ಟೆಯ ಅಂಚು ಮುಟ್ಟಿತು.

ಉಸುಕು ರಾತ್ರಿಯೆಲ್ಲ ನೀರು ಕುಡಿದಿತ್ತು. ಒದ್ದೆ ಉಸುಕಿದ್ದರೆ ಎಷ್ಟು ನೀರು ಕಡಿಮೆ ಮಾಡಬೇಕೆಂಬ ಸೂತ್ರವನ್ನು ದೇಸಾಯಿಯವರು ಇಲ್ಲೂ ಇದಕ್ಕೆ ಮೊದಲಿನ ಕಾಲೇಜಿನಲ್ಲೂ ಸೇರಿ ಇಪ್ಪತ್ತೆಂಟು ವರ್ಷ ಬೋರ್ಡಿನ ಮೇಲೆ ಬರೆದಿದ್ದರು. ಉಸುಕನ್ನು ಒಂದು ದಿನವೂ ಕೈಯಲ್ಲಿ ಹಿಡಿದಿರಲಿಲ್ಲ. ಇಲ್ಲಿ ಅದಕ್ಕೆ ಗುರಣ್ಣ ಇದ್ದ.

“ಇನ್ನೊಂದು ಸಲ ಮಾಡಿ” ಎಂದರು ಲೋಕನಾಥ.

ಮತ್ತೆ ತೂಗಿದರು, ಮತ್ತೆ ಅಳೆದರು. ಮಂಜರಿ ಜಾಡಿಯನ್ನು ಬಾಗಿಸಿದಳು. ಅರ್ಧ ಸುರಿದು ಅವಳ ಕೈ ತನ್ನಷ್ಟಕ್ಕೆ ನಿಂತಿತು. ತಲೆ ಎತ್ತಿ ಬಾಗಿಲಿನತ್ತ ನೋಡಿದಳು. ಅವಳ ಜೊತೆಯವರೂ ಬಾಗಿಲಿನತ್ತ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಅವಳು ದೇಸಾಯಿಯವರತ್ತ ತಿರುಗಿದಳು.

ದೇಸಾಯಿಯವರು ಬಾಯಿ ತೆರೆದರು. ಎರಡೇ ಅಕ್ಷರದ ಮಾತು, ನಾಲಿಗೆಯ ತುದಿಯಲ್ಲಿತ್ತು. ಆದರೆ ಅದನ್ನು ಈಗ ಹೇಳಬೇಕೋ ಇನ್ನೊಂದು ಗುಟುಕು ನೀರು ಬಿದ್ದ ಮೇಲೆ ಹೇಳಬೇಕೋ ಅವರಿಗೆ ಗೊತ್ತಿರಲಿಲ್ಲ.

ಕಿಟಕಿಯ ಆಚೆ, ಉಸುಕಿನ ಗುಡ್ಡೆಯ ಪಕ್ಕದಲ್ಲಿ ಗುರಣ್ಣ ನಿಂತಿದ್ದ. ಲ್ಯಾಬಿನೊಳಗೆ ಬರಬೇಡ ಎಂದಿದ್ದರು; ಕಾಂಪೌಂಡಿಗೆ ಬರಬೇಡ ಎಂದಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಗುಡ್ಡೆಯ ಮೇಲೆ ಸಿಮೆಂಟಿನ ಖಾಲಿ ಚೀಲ ಹೊದಿಸುತ್ತಿದ್ದ.

“ಗುರಣ್ಣ,” ದೇಸಾಯಿಯವರು ಕಿಟಕಿಯಿಂದ ಕರೆದರು. “ಒಳಗ ಬಾ.”

ಪ್ರಿನ್ಸಿಪಾಲರ ನಗು ಮಾಯವಾಯಿತು. ಲೋಕನಾಥ ಅವರು ಫೈಲು ತೆರೆದು ಪತ್ರದಲ್ಲಿದ್ದ ಹೆಸರನ್ನು ನೋಡಿದರು.

“ನಿನ್ನೆಯಿಂದ ಕೆಲಸದಲ್ಲಿಲ್ಲ ಅಂತ ಬರೆದಿದ್ದೀರಲ್ಲ, ಆ ಗುರಣ್ಣನೇ?”

“ಅಂವನs ರೀ.”

“ಈ ಸಹಿಯೂ ನಿಮ್ಮದೇ. ಇದನ್ನೂ ಓದದೆ ಹಾಕಿದ್ದಾ?”

“ಇಲ್ರಿ ಸರ,” ಎಂದರು ದೇಸಾಯಿ. “ಇದನ್ನ ಓದಿ ಹಾಕೇನಿ. ಹದಿನಾಲ್ಕು ವರ್ಷದಾಗ ಓದಿ ಹಾಕಿದ್ದು ಇದೊಂದs.”

ಕನ್ನಡ ಬಾರದ ಪ್ರಿನ್ಸಿಪಾಲರು ಇಬ್ಬರ ಮುಖವನ್ನೂ ನೋಡುತ್ತ ನಿಂತರು. ಲೋಕನಾಥ ಅವರು ಏನೂ ಬರೆದುಕೊಳ್ಳಲಿಲ್ಲ, ಫೈಲನ್ನು ಮುಚ್ಚಲೂ ಇಲ್ಲ.

ಗುರಣ್ಣ ಹೊಸ್ತಿಲಾಚೆ ಚಪ್ಪಲಿ ಕಳಚಿ ಒಳಗೆ ಬಂದ. ಯಾರು ಏನು ಮಾತಾಡಿದರೆಂದು ಅವನಿಗೆ ಗೊತ್ತಿರಲಿಲ್ಲ. ಬಿಳಿ ಅಂಗಿಯ ತೋಳು ಮಡಿಚಿ, ಉಳಿದಿದ್ದ ಉಸುಕನ್ನು ಒಂದು ಹಿಡಿ ತೆಗೆದುಕೊಂಡು ಬಿಗಿಯಾಗಿ ಹಿಂಡಿ ಅಂಗೈ ಬಿಚ್ಚಿದ. ಉಸುಕು ಉಂಡೆಗಟ್ಟಿ, ನಾಲ್ಕೂ ಬೆರಳಿನ ಗುರುತು ಹೊತ್ತು ಹಾಗೇ ಕೂತಿತ್ತು.

“ನೀರು ಭಾಳ ಕುಡದಾದ್ರಿ ಸಾಹೇಬ್ರ” ಎಂದ. ಆಮೇಲೆ ಮಂಜರಿಗೆ ಮರಾಠಿಯಲ್ಲಿ ನಿಧಾನವಾಗಿ ಸುರಿಯಲು ಹೇಳಿ, ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತ.

ಅವಳು ಜಾಡಿ ಬಾಗಿಸಿದಳು. ಸಲಿಕೆ ಹಿಡಿದ ಹುಡುಗರು ಕಲಸಿದರು. ನೀರು ದಾರದಷ್ಟು ಸಣ್ಣಗೆ ಬೀಳುತ್ತಿತ್ತು. ವಿದ್ಯಾರ್ಥಿಗಳು, ಪ್ರಿನ್ಸಿಪಾಲರು, ಪೆನ್ನು ಹಿಡಿದ ಲೋಕನಾಥ, ಎಲ್ಲರೂ ಗುರಣ್ಣನ ಬಾಯಿಯನ್ನೇ ನೋಡುತ್ತಿದ್ದರು. ಅವನು ಕಾಂಕ್ರೀಟನ್ನು ನೋಡುತ್ತಿದ್ದ. ಇನ್ನೂ ಹೇಳಿರಲಿಲ್ಲ.