ಬೇಗೂರಿಗೆ ಬಂದ ಕಡಲು

ಬೇಗೂರಿನ ಮಹದೇವಸ್ವಾಮಿಗೆ ಜಂಬ ಸ್ವಲ್ಪ ಜಾಸ್ತಿ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಗುಂಡ್ಲುಪೇಟೆಯಲ್ಲಿ ಟೊಮೆಟೊ ತುಂಬಿಕೊಂಡು, ಘಟ್ಟ ಇಳಿದು, ವಾರಕ್ಕೆರಡು ಸಲ ಕೇರಳದ ಕೋಯಿಕ್ಕೋಡಿಗೆ ಲಾರಿ ಓಡಿಸುವವನು. ತೊಂಬತ್ತಾರರ ಜನವರಿಯಲ್ಲಿ ಅಲ್ಲೊಬ್ಬ ಬೆಸ್ತರವನ ಬಲೆಯಲ್ಲಿ ಎರಡು ಕಡಲಕುದುರೆಗಳನ್ನು ಕಂಡದ್ದೇ ತಡ, ಇವನ ತಲೆಗೆ ಹುಳು ಹೊಕ್ಕಿತು. ಬೆರಳುದ್ದದ ಜೀವ, ಮುಖ ಮಾತ್ರ ಸಾಕ್ಷಾತ್ ಕುದುರೆಯದು. ಊರಿಗೆ ಬಂದವನೇ ಅದನ್ನು ಮನೆಯಲ್ಲಿ ಸಾಕುತ್ತೇನೆಂದು ಟೀ ಅಂಗಡಿಯ ಮುಂದೆ ಸಾರಿಬಿಟ್ಟ.

"ಯುಗಾದಿ ಗಂಟ ಉಳುದ್ರೆ ಬಂದು ನೋಡ್ತೀನಿ ಬುಡು," ಎಂದ ಪಕ್ಕದ ಮನೆಯ ಮರಿಮಲ್ಲಪ್ಪ.

ಆ ಮಾತು ನಾಟಿತು. ಚಾಮರಾಜನಗರದಲ್ಲಿ ಗಾಜು ಕೊಯ್ಯಿಸಿ ತೊಟ್ಟಿ ಮಾಡಿಸಿದ. ಮೈಸೂರಿನಿಂದ ಗಾಳಿಯ ಪಂಪು ತಂದ. ಕಡಲಕುದುರೆಗೆ ಬಾಲ ಸುತ್ತಿ ನಿಲ್ಲಲು ಏನಾದರೂ ಬೇಕಂತೆ. ಲಾರಿಯ ಹಗ್ಗದ ತುಂಡನ್ನೇ ಕುದಿಸಿ, ತೊಳೆದು, ಕಲ್ಲಿಗೆ ಕಟ್ಟಿ ನಿಲ್ಲಿಸಿದ. ಕಡಲ ನೀರು ಕ್ಯಾನುಗಳಲ್ಲಿ ಬಂತು, ಕುದುರೆಗಳು ತಿನ್ನುವ ಮರಿಸೀಗಡಿ ಬಂತು, ಕೊನೆಗೆ ಅದೇ ಬೆಸ್ತರವನಿಂದ ಎರಡು ಕುದುರೆಗಳೂ ಬಂದವು.

ಮೊದಲ ಕ್ಯಾನು ಇಳಿದಾಗ ಅವನ ಅವ್ವ ಚಿಕ್ಕಮಾದಮ್ಮ ಅದಕ್ಕೆ ಕುಂಕುಮವಿಟ್ಟು, ಒಂದು ಗುಟುಕನ್ನು ತೀರ್ಥದಂತೆ ಕೈಯಲ್ಲಿ ಹಿಡಿದು ಕುಡಿದಳು. ಮಗ ಬಿದ್ದು ಬಿದ್ದು ನಕ್ಕ.

ಕುದುರೆಗಳು ಹಗ್ಗಕ್ಕೆ ಬಾಲ ಸುತ್ತಿ ತೂಗುತ್ತ ನಿಂತವು. ಕುದೇರಿನಿಂದ ನೆಂಟರು ಕೂಡ ಬಂದು ನೋಡಿದರು. ಮಹದೇವಸ್ವಾಮಿಯ ಕಾಲು ನೆಲದ ಮೇಲಿರಲಿಲ್ಲ.

ಮಾರ್ಚಿನ ಬಿಸಿಲಿಗೆ ತೊಟ್ಟಿಯ ನೀರು ಇಳಿಯತೊಡಗಿತು. ಕಡಲಿನ ಜೀವಕ್ಕೆ ಕಡಲಿನ ನೀರೇ ಸರಿ ಎಂದುಕೊಂಡು, ಇಳಿದಷ್ಟನ್ನೂ ಕ್ಯಾನಿನಿಂದ ಸುರಿದ. ಮತ್ತೆ ಇಳಿಯಿತು, ಮತ್ತೆ ಸುರಿದ. ಯುಗಾದಿಗೆ ವಾರವಿರುವಾಗ ಕುದುರೆಗಳು ಹಗ್ಗ ಬಿಟ್ಟು ಮೂಲೆಗೆ ಒರಗಿದವು, ಸೀಗಡಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಅವನಿಗೆ ಅನ್ನ ಸೇರಲಿಲ್ಲ. ಮರಿಮಲ್ಲಪ್ಪನ ಮಾತಿರಲಿ, ನನ್ನ ಜಂಬಕ್ಕೆ ಎರಡು ಜೀವ ಹೋಗುತ್ತವಲ್ಲ ಎಂದು ರಾತ್ರಿಯೆಲ್ಲ ತೊಟ್ಟಿಯ ಮುಂದೆಯೇ ಕೂತ.

ಚಿಕ್ಕಮಾದಮ್ಮ ತೊಟ್ಟಿಗೆ ಬೆರಳದ್ದಿ ನಾಲಿಗೆಗಿಟ್ಟು ಮುಖ ಕಿವುಚಿದಳು. "ಉಪ್ಪು ಜಾಸ್ತಿ ಆಗದೆ ಕಣ್ಲಾ."

"ಕಡ್ಲು ನೀರು ಉಪ್ಪಿರದೆ ಸಿಹಿಯಾಗಿರ್ತದಾ? ನೀನು ಯಾವತ್ತವ್ವ ಕಡ್ಲು ನೋಡಿದ್ದೆ?"

"ನೋಡಿಲ್ಲ. ಕುಡ್ದಿವ್ನಿ," ಎಂದಳು ಅವ್ವ. "ಅವತ್ತಿನ ರುಚಿ ಇದಲ್ಲ. ಬಿಸ್ಲಿಗೆ ನೀರು ಆರೋಯ್ತದೆ, ಉಪ್ಪು ಎಲ್ಲಿಗೋದದು? ಮಾವಿನಕಾಯಿ ಜಾಡೀಲಿ ನೋಡಿಲ್ವಾ?"

ಎತ್ತಿದ ಕ್ಯಾನನ್ನು ಮಹದೇವಸ್ವಾಮಿ ಕೆಳಗಿಟ್ಟ. ನಲವತ್ತು ವರ್ಷ ಜಾಡಿಗೆ ಉಪ್ಪುನೀರು ಹದ ಮಾಡಿದ ಕೈ ಅವಳದು. ಅವಳು ತೊಟ್ಟಿಯಿಂದ ಒಂದು ಚೊಂಬು ನೀರು ತೆಗೆಸಿದಳು, ಬಾವಿಯ ನೀರನ್ನು ನೂಲಿನಂತೆ ಬಿಟ್ಟಳು, ರುಚಿ ನೋಡಿದಳು, ಸಾಲದೆಂದಳು. ಅವಸರಪಟ್ಟ ಮಗನ ಕೈಗೆ ಎರಡು ಸಲ ಏಟೂ ಬಿತ್ತು. ಹೀಗೇ ಮೂರು ದಿನ. ನಾಲ್ಕನೆಯ ಬೆಳಿಗ್ಗೆ ಒಂದು ಕುದುರೆಯ ಬಾಲ ಹಗ್ಗಕ್ಕೆ ಸುತ್ತಿಕೊಂಡಿತು, ಮಧ್ಯಾಹ್ನದ ಹೊತ್ತಿಗೆ ಇನ್ನೊಂದರದೂ. ಅವನಿಗೆ ಕಣ್ಣು ತುಂಬಿ ಬಂತು.

ಯುಗಾದಿಯ ದಿನ ಮರಿಮಲ್ಲಪ್ಪ ಹೇಳಿದಂತೆಯೇ ಬಂದು, ಬೇವುಬೆಲ್ಲ ಮೆಲ್ಲುತ್ತ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. "ಸಾಕ್ಬುಟ್ಟೆ ಕಣ್ಲಾ," ಎಂದ.

ಈ ಮಾತಿಗೆ ಕೊಡಬೇಕಾದ ಉತ್ತರವನ್ನು ಮಹದೇವಸ್ವಾಮಿ ಎರಡು ತಿಂಗಳಿಂದ ಘಟ್ಟದ ತಿರುವುಗಳಲ್ಲಿ ಕಲಿತಿಟ್ಟಿದ್ದ. ಅದನ್ನು ಬಿಟ್ಟು ಅವ್ವನ ಕಡೆ ಕೈ ತೋರಿಸಿದ.

"ನಾನು ನೀರು ಒತ್ಕಂಡು ಬಂದೆ ಅಷ್ಟೆಯ. ಕಡ್ಲು ಮಾಡ್ದೋಳು ನಮ್ಮವ್ವ," ಎಂದ. ಮೊದಲ ಸಲ ಲಾರಿ ಓಡಿಸಿದಾಗಲೂ ಅವನ ಎದೆ ಇಷ್ಟು ಉಬ್ಬಿರಲಿಲ್ಲ.

ಚಿಕ್ಕಮಾದಮ್ಮ ಸೆರಗು ಸರಿಮಾಡಿಕೊಂಡು ಮರಿಮಲ್ಲಪ್ಪನ ಕಡೆ ತಿರುಗಿದಳು. "ದೂರ ಕೂತ್ಕೊ. ನಿನ್ನ ಕೈಯೆಲ್ಲಾ ಬೆಲ್ಲ."